ಅವ್ವ ಸೇರಿಸಿದ ಎಳೆಗಳು

ಕೊಳ್ಳೇಗಾಲದ ನಮ್ಮ ಮನೆಯಲ್ಲಿ ರೇಷ್ಮೆ ಸೀರೆ ನೇಯುವುದು ಗಂಡಸರ ಕೆಲಸವಾದರೆ, ಎಳೆ ಸೇರಿಸುವುದು ಅವ್ವನದು. ಹಾಸು, ಅಂದರೆ ಮಗ್ಗಕ್ಕೆ ಹೂಡಿದ ಉದ್ದದ ಎಳೆಗಳು, ಮುಗಿಯುತ್ತ ಬಂದಾಗ ಅವುಗಳ ತುದಿಗಳನ್ನು ಉಳಿಸಿಕೊಳ್ಳುತ್ತೇವೆ. ಬೆರಳಿಗೆ ಬೂದಿ ಹಚ್ಚಿಕೊಂಡು, ಒಂದೊಂದು ಹಳೆಯ ತುದಿಗೂ ಹೊಸ ಹಾಸಿನ ಒಂದೊಂದು ಎಳೆಯನ್ನು ಹೊಸೆದು ಸೇರಿಸಬೇಕು. ಅವ್ವ ಹೊಸೆದದ್ದು ಬಿಚ್ಚಿಕೊಂಡದ್ದನ್ನು ನಾನು ಕಂಡಿಲ್ಲ.

ಅವ್ವನಿಗೆ ಆಲ್ಝೈಮರ್ ಎಂದ ಮೈಸೂರಿನ ಡಾಕ್ಟರು, ಮಿದುಳು ಮುಪ್ಪಿನಲ್ಲೂ ಹೊಸ ಜೋಡಣೆಗಳನ್ನು ಮಾಡಿಕೊಳ್ಳುತ್ತದೆ, ಈ ಕಾಯಿಲೆ ಆ ಶಕ್ತಿಯನ್ನೇ ತಿನ್ನುತ್ತದೆ ಎಂದರು. ನಾವೋ, ಮೊದಲರ್ಧವನ್ನಷ್ಟೇ ಕೇಳಿಸಿಕೊಂಡು ಮನೆಗೆ ಬಂದ ಮೂಢರು. ಕೈಗೆ ಅಭ್ಯಾಸದ ಕೆಲಸ ಕೊಟ್ಟರೆ ತಲೆಯೂ ದಾರಿಗೆ ಬರುತ್ತದೆಂದು ಅವಳನ್ನು ಮಗ್ಗದ ಮುಂದೆ ಕೂರಿಸಿದೆವು.

ನನ್ನ ಹೆಸರು ಮರೆತವಳ ಬೆರಳು ಬೂದಿಯನ್ನು ಮರೆತಿರಲಿಲ್ಲ. ಸಂಜೆಯವರೆಗೂ ತಲೆಯೆತ್ತದೆ ಹೊಸೆದಳು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ನಾನು, ಆ ಡಾಕ್ಟರಿಗೇನು ಗೊತ್ತು ಅಂದುಕೊಂಡೆ.

"ಒಂದೂ ಬುಟ್ಕಳಕಿಲ್ಲ ಕಣ್ಲಾ, ಎಳ್ದು ನೋಡು" ಎಂದಳು ಅಣ್ಣನಿಗೆ.

ಅಣ್ಣ ಎಳೆದು ನೋಡಿದ. ನಿಜಕ್ಕೂ ಒಂದೂ ಬಿಚ್ಚಿಕೊಳ್ಳಲಿಲ್ಲ. ಅವಳು ಹಳೆಯ ಎಳೆಯನ್ನು ಪಕ್ಕದ ಹಳೆಯ ಎಳೆಗೇ ಸೇರಿಸುತ್ತ ಹೋಗಿದ್ದಳು. ಹೊಸ ಹಾಸು ಅವಳ ಮೊಣಕಾಲ ಬಳಿ, ನಾವು ಇಟ್ಟ ಹಾಗೆಯೇ ಬಿದ್ದಿತ್ತು.

ಬಿಡಿಸೋಣವೆಂದರೆ ಎಲ್ಲವೂ ಅಷ್ಟು ಬಿಗಿ. ಅಣ್ಣ ಕತ್ತರಿ ತಂದ.