ಝೊಹರಾ ಹತ್ತಿದ ವಾಮಂಜೂರಿನ ಬಸ್ಸು

ಇವತ್ತು ಬೆಳಿಗ್ಗೆ ಬಸ್ಸಿನಲ್ಲಿ ಪಕ್ಕ ಕುಳಿತ ಹೆಂಗಸಿನ ಕೈಯಿಂದ ನೋವಿನ ಮುಲಾಮಿನ ವಾಸನೆ ಬಂತು. ನೀವಾದರೆ ಮೂಗು ಮುಚ್ಚಿಕೊಳ್ಳುತ್ತಿದ್ದಿರೋ ಏನೋ, ನನಗೆ ನಾಚಿಕೆಯಾಯಿತು. ಝೊಹರಾಳನ್ನು ಕದ್ದು ಹಿಂಬಾಲಿಸಿದ ಮಧ್ಯಾಹ್ನ ನೆನಪಾಯಿತು.

ಪಂಪ್‌ವೆಲ್ಲಿನಲ್ಲಿ ನಮ್ಮಿಬ್ಬರದು ರವಿಕೆ ಹೊಲಿಯುವ ಸಣ್ಣ ಅಂಗಡಿ. ಅಳತೆ ತೆಗೆದು ಕತ್ತರಿಸುವವಳು ಅವಳು, ಹೊಲಿಯುವವಳು ನಾನು. ಮಾತಾಡುವುದು ಮಾತ್ರ ಇಬ್ಬರೂ. ಗಿರಾಕಿಗಳು ನಮ್ಮ ಹರಟೆ ಕೇಳಲಿಕ್ಕೇ ಬರುತ್ತಾರೆಂದು ನನ್ನ ಗಂಡನ ದೂರು. ಅಂಥ ಝೊಹರಾ ಮೂರು ವರ್ಷದ ಹಿಂದೆ ಮೌನವಾದಳು. ಬೆರಳಿನ ಗಂಟುಗಳು ಊದಿಕೊಂಡಿದ್ದವು, ಮುಲಾಮು ಹಚ್ಚಿಕೊಂಡು ಬರುತ್ತಿದ್ದಳು. ಆದರೆ ಬೆರಳು ನೋಯುವವಳು ನಗುವುದನ್ನೇಕೆ ಬಿಡಬೇಕು? ಮಧ್ಯಾಹ್ನ "ಸ್ವಲ್ಪ ಹೊರಗೆ ಹೋಗಿ ಬರ್ತೇನೆ" ಎಂದವಳು ಸಂಜೆಗೆ ಬರುತ್ತಿದ್ದಳು. ಕೇಳಿದರೆ, "ಎಂತ ಇಲ್ಲ."

ಎಂತ ಇಲ್ಲ ಎನ್ನುವವರ ಬಳಿ ಏನೋ ಇದ್ದೇ ಇರುತ್ತದೆ ಎಂದು ನಂಬಿದವಳು ನಾನು. ಬೇರೆ ಅಂಗಡಿ ಹಾಕುತ್ತಿದ್ದಾಳೆ ಎಂದು ತೀರ್ಮಾನಿಸಿಬಿಟ್ಟೆ. ಅವಳು ಅಳತೆ ಬರೆದುಕೊಂಡರೂ ಹೊಸ ಅಂಗಡಿಗೆ ನಕಲು ಮಾಡುತ್ತಿದ್ದಾಳೆಂದೇ ಕಾಣುತ್ತಿತ್ತು. ಒಂದು ದಿನ ಅವಳು ಹತ್ತಿದ ವಾಮಂಜೂರಿನ ಬಸ್ಸಿಗೆ ನಾನೂ ಹಿಂದಿನ ಬಾಗಿಲಿನಿಂದ ಹತ್ತಿದೆ. ಮುಖಕ್ಕೆ ಸೆರಗು ಅಡ್ಡ ಹಿಡಿದಿದ್ದೆ. ಕಂಡಕ್ಟರ್ ಗಟ್ಟಿಯಾಗಿ, "ಎಂತ ಅಕ್ಕ, ಹಲ್ಲು ನೋವಾ?" ಎಂದ.

ಝೊಹರಾ ತಿರುಗಿಯೂ ನೋಡಲಿಲ್ಲ. ವಾಮಂಜೂರಿನಲ್ಲಿ ಇಳಿದು ಗದ್ದೆಯ ಎದುರಿನ ಬಸ್‌ಸ್ಟಾಪಿನಲ್ಲಿ ಕುಳಿತಳು. ಯಾರೂ ಅವಳನ್ನು ಕಾಣಲು ಬರಲಿಲ್ಲ. ಬಸ್ಸುಗಳು ಬಂದವು, ಹೋದವು. ಕೊನೆಗೆ ನನಗೇ ಹೆದರಿಕೆಯಾಗಿ ಹತ್ತಿರ ಹೋದೆ.

"ನಿನಗೆ ಇಲ್ಲಿ ಎಂತ ಕೆಲಸ?" ಎಂದಳು.

ಸುಳ್ಳು ಬಾಯಿಗೆ ಬರಲಿಲ್ಲ. "ನೀನು ಬೇರೆ ಅಂಗಡಿ ಮಾಡ್ತೀಯಾ ಅಂತ ನೋಡ್ಲಿಕ್ಕೆ ಬಂದೆ."

"ಅಂಗಡಿಯಾ? ಬೆಳಿಗ್ಗೆ ಏಳ್ಲಿಕ್ಕೇ ಆಗುದಿಲ್ಲ ಮಾರಾಯ್ತಿ. ಎಂತದೂ ಬೇಡ ಅಂತ ಕಾಣ್ತದೆ. ಎಂತಾಯ್ತು ಅಂತ ಮನೆಯಲ್ಲಿ ಮಕ್ಕಳು ಕೇಳ್ತಾರೆ, ಅಂಗಡಿಯಲ್ಲಿ ನೀನು. ಇಲ್ಲಿ ಯಾರೂ ಕೇಳುದಿಲ್ಲ."

ಮರುದಿನವೇ ಅವಳನ್ನು ಕೀಲುನೋವಿನ ಡಾಕ್ಟರ ಬಳಿ ಕರೆದೊಯ್ದು, ಬೆರಳಿನ ಜೊತೆ ಅವಳು ಮಂಕಾದದ್ದನ್ನೂ ಹೇಳಿದೆ. ರಕ್ತ ಪರೀಕ್ಷೆ ಎಂದೊಡನೆ, ದುಡ್ಡು ಕೀಳಲಿಕ್ಕೇ ಇರಬೇಕೆಂದು ಅವರ ಮೇಲೂ ಸಂಶಯ ಬಂತೆನ್ನಿ. ರಿಪೋರ್ಟ್ ನೋಡಿ ಅವರು ಹೇಳಿದರು: "ಉರಿಯೂತ ತುಂಬ ಉಂಟು. ಮೈಯನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ಇವರ ಕೀಲುಗಳ ಮೇಲೆ ಬಿದ್ದಿದೆ. ಆ ಉರಿಯೂತದ ಪರಿಣಾಮ ಮಿದುಳಿನ ಮೇಲೂ ಆಗಿ ಮನಸ್ಸು ಕುಗ್ಗುವುದುಂಟು. ಎಲ್ಲರ ಖಿನ್ನತೆಗೂ ಇದೇ ಕಾರಣ ಅಂತ ಅಲ್ಲ. ಮನಸ್ಸಿನ ಡಾಕ್ಟರನ್ನೂ ನೋಡಿ."

"ಗಂಟುನೋವಿಗೂ ಮನಸ್ಸಿಗೂ ಎಂತ ಸಂಬಂಧ ಡಾಕ್ಟ್ರೇ?" ಎಂದೆ.

"ಜ್ವರ ಬಂದಾಗ ನಿಮಗೆ ಮಾತಾಡ್ಲಿಕ್ಕೆ ಮನಸ್ಸಾಗ್ತದಾ?"

ನನಗೆ ಆಗುತ್ತದೆ. ಆದರೂ ಇಲ್ಲವೆಂದು ತಲೆಯಾಡಿಸಿದೆ.

ಮೆಟ್ಟಿಲು ಇಳಿಯುತ್ತ ಝೊಹರಾ, "ನನ್ನ ಮೈಗೂ ನಿನ್ನ ಹಾಗೇ ನನ್ನ ಮೇಲೆ ಸಂಶಯ" ಎಂದಳು. ತಿಂಗಳುಗಳ ನಂತರ ಅವಳ ಬಾಯಿಂದ ಬಂದ ಮೊದಲ ತಮಾಷೆ. ನಗಲು ಹೋದರೆ ನನಗೆ ಅಳು ಬಂತು.

ಎರಡೂ ಚಿಕಿತ್ಸೆ ನಡೆದವು. ಬೆರಳಿನ ಊತ ಮೊದಲು ಇಳಿಯಿತು. ಮನಸ್ಸು ನಿಧಾನವಾಗಿ ಎದ್ದಿತು, ನಡುನಡುವೆ ಮತ್ತೆ ಕುಸಿಯಿತು.

ಇವತ್ತು ಬಸ್ಸಿಳಿದು ಅಂಗಡಿಗೆ ಬಂದರೆ ಅವಳಿರಲಿಲ್ಲ, ಫೋನೂ ಎತ್ತಲಿಲ್ಲ. ಹನ್ನೊಂದು ಗಂಟೆಯವರೆಗೆ ಏನೇನೋ ಊಹಿಸಿದೆ. ಆಮೇಲೆ ಅಂಗಡಿಗೆ ಬೀಗ ಹಾಕಿ ಪಡೀಲಿನ ಅವಳ ಮನೆಗೆ ಹೋಗಿ ಬೆಲ್ ಒತ್ತಿದೆ. ಬಹಳ ಹೊತ್ತಿನ ಮೇಲೆ ಬಾಗಿಲು ತೆರೆದು, "ಇವತ್ತು ಆಗುದಿಲ್ಲ" ಎಂದಳು.

ಯಾಕೆ ಎಂದು ಕೇಳಲು ತೆರೆದ ಬಾಯಿಯನ್ನು ಮುಚ್ಚಿಕೊಂಡೆ.

"ಆಯ್ತು. ಚಾ ನಾನು ಮಾಡ್ತೇನೆ" ಎಂದು ಒಳಗೆ ಹೋದೆ.