ಅತ್ತೆಯ ಕತ್ತಿನಲ್ಲಿ ಅಕ್ಕ

ತಾಳಿ ಬಿಚ್ಚಲು ಸರೋಜತ್ತೆಗೆ ಅರ್ಧ ನಿಮಿಷವೂ ಹಿಡಿಯಲಿಲ್ಲ.

ಬಳೆ, ಓಲೆ, ಮೂಗುಬೊಟ್ಟು, ಕಾಲುಂಗುರ, ಕೊನೆಗೆ ತಾಳಿ. ಎಲ್ಲವನ್ನೂ ಎಡಗೈಯಲ್ಲೇ ಬಿಚ್ಚಿ ಮಗ ಶಿವುವಿನ ಕರ್ಚೀಫಿಗೆ ಹಾಕಿದಳು. (ಗಂಡ ಬದುಕಿದ್ದಾನೆ. ಕಲ್ಯಾಣದುರ್ಗದ ಬಟ್ಟೆ ಅಂಗಡಿಯಲ್ಲಿ ಕೂತಿದ್ದಾನೆ. ನನ್ನ ಸೋದರಮಾವ.) ಎರಡು ದಿನದಿಂದ ಅವಳ ಬಲಗೈ ಹೇಳಿದ ಮಾತು ಕೇಳುತ್ತಿರಲಿಲ್ಲ. ಅದಕ್ಕೇ ಈ ಸ್ಕ್ಯಾನು. ಅನಂತಪುರ ಹತ್ತಿರವಾದರೂ ಹಿಂದೂಪುರದಲ್ಲಿ ನಾನಿದ್ದೇನೆ ಎಂಬ ಧೈರ್ಯಕ್ಕೆ, ಪಾವಗಡದ ಮೇಲೆ ಬರುವ ಬಸ್ಸಿನಲ್ಲಿ ಎರಡು ಸಲ ರಾಜ್ಯದ ಗಡಿ ದಾಟಿ ತಾಯಿ ಮಗ ಬಂದಿದ್ದರು.

ಎಂಆರ್‌ಐ ಕೋಣೆಯ ಹೊರಗೆ ಟೆಕ್ನಿಷಿಯನ್ ಹುಡುಗಿ ಅತ್ತೆಯನ್ನು ಒಮ್ಮೆ ನೋಡಿ, ಕತ್ತಿನ ಕಡೆ ಬೆರಳು ಮಾಡಿದಳು. ಕರಿದಾರದಲ್ಲಿ ಒಂದು ಬೆಳ್ಳಿಯ ಬಿಲ್ಲೆ. ಹಳೆಯ ಎಂಟಾಣೆಯಷ್ಟು ಅಗಲ.

"ಅದಿ ಕೂಡಾ ತೀಸೇಯಾಲಮ್ಮಾ. ಲೋಪಲ ಮ್ಯಾಗ್ನೆಟ್ ಉಂಟುಂದಿ." (ಅದನ್ನೂ ತೆಗೆಯಬೇಕು, ಒಳಗೆ ಮ್ಯಾಗ್ನೆಟ್ ಇರುತ್ತದೆ.)

ಅತ್ತೆ ಬಿಲ್ಲೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು.

"ಇದು ಒಡವೆ ಅಲ್ಲ ಕಣಮ್ಮ. ಇದು ನಮ್ಮಕ್ಕ."

ನಿಮ್ಮಲ್ಲಿ ಕೆಲವರಿಗೆ ಗೊತ್ತಿರುತ್ತದೆ. ಮೊದಲ ಹೆಂಡತಿ ಸತ್ತ ಮನೆಗೆ ಎರಡನೆಯವಳಾಗಿ ಬಂದವಳು ಸವತಿಬಿಲ್ಲೆ ಕಟ್ಟಿಕೊಳ್ಳುತ್ತಾಳೆ. ಸತ್ತವಳು ಅದರಲ್ಲಿ ಇರುತ್ತಾಳೆ. ಹೊಸ ಸೀರೆ ಬಂದರೆ ಮೊದಲು ಬಿಲ್ಲೆಗೆ ಮುಟ್ಟಿಸಬೇಕು. ಹಬ್ಬದ ದಿನ ಮೊದಲ ತುತ್ತು ಅವಳಿಗೆ. ಹೀಗೆ ಮಾಡಿದರೆ ಸುಮ್ಮನಿರುತ್ತಾಳೆ. ಮಾಡದಿದ್ದರೆ?

ನಮ್ಮ ಕಥೆಯಲ್ಲಿ ಸತ್ತವಳು ಗಂಗತ್ತೆ, ಸರೋಜತ್ತೆಯ ಸ್ವಂತ ಅಕ್ಕ. ಅವಳಿಗೆ ಸೇಡು ತೀರಿಸಿಕೊಳ್ಳಲು ಕಾರಣವಿತ್ತೇ? ಇತ್ತು. ಅವಳು ನಡುಮನೆಯಲ್ಲಿ ಖಾಯಿಲೆ ಮಲಗಿದ್ದಾಗಲೇ ಹಿರಿಯರು ಪಡಸಾಲೆಯಲ್ಲಿ ಕೂತು, "ಇವಳಿಗಂತೂ ಮಕ್ಕಳಾಗಲಿಲ್ಲ, ಇವಳ ತಂಗಿಯನ್ನೇ ತಂದುಕೊಳ್ಳೋಣ" ಎಂದು ಮಾತು ಮುಗಿಸಿದ್ದರು. ನಡುವೆ ಇದ್ದದ್ದು ಒಂದು ಪರದೆ. ಆಮೇಲೆ ನಾಲ್ಕು ದಿನಕ್ಕೆ ಅವಳು ಹೋದಳು. ಅವಳಿಗೆ ಅದು ಕೇಳಿಸಿತ್ತು ಎಂಬುದರಲ್ಲಿ ಮನೆಯವರಿಗೆ ಅನುಮಾನವಿರಲಿಲ್ಲ. ಬರುತ್ತಾಳೆ ಎಂಬುದರಲ್ಲೂ ಇರಲಿಲ್ಲ.

ಬಂದಳು ಎಂದು ಹೇಳಿದವಳು ನಾನು.

ಆಗ ನನಗೆ ಏಳು ವರ್ಷ. ಮಾವನಿಗೆ ಸರೋಜತ್ತೆಯೊಡನೆ ಮದುವೆಯಾಗಿ ತಿಂಗಳಾಗಿತ್ತು. ಬೇಸಿಗೆ ರಜೆಗೆ ಕಲ್ಯಾಣದುರ್ಗಕ್ಕೆ ಹೋಗಿದ್ದೆ. ಮಧ್ಯಾಹ್ನ ಊಟವಾಗಿ ಎಲ್ಲರೂ ಪಡಸಾಲೆಯಲ್ಲಿ ಉರುಳಿಕೊಂಡಿದ್ದರು. ನಾನು ನೀರು ಕುಡಿಯಲು ಒಳಗೆ ಹೋಗಿ, ಹೊರಗೆ ಬಂದು ಹೇಳಿದೆ: "ಗಂಗತ್ತೆ ನಡುಮನೇಲಿ ಕೂತವ್ಳೆ. ತಲೆ ಬಾಚ್ಕೊಂತಾವ್ಳೆ."

ಯಾರೂ ಒಳಗೆ ಹೋಗಿ ನೋಡಲಿಲ್ಲ. ಅಜ್ಜಿ ಮಾತ್ರ ನನ್ನ ಬಾಯಿಗೆ ವಿಭೂತಿ ಹಾಕಿದಳು. ಅದರ ಒಗರು ಇನ್ನೂ ನಾಲಿಗೆಯ ಮೇಲಿದೆ. ಅದೇ ವಾರ ಅಕ್ಕಸಾಲಿ ಬಂದು ಬಿಲ್ಲೆ ಮಾಡಿಕೊಟ್ಟ.

ಆಮೇಲೆ ಏನೆಲ್ಲಾ ಆಯಿತು! ಸರೋಜತ್ತೆಯ ಮೊದಲ ಬಸಿರು ಐದನೇ ತಿಂಗಳಲ್ಲಿ ಹೋಯಿತು. ಮಧ್ಯಾಹ್ನ ನಡುಮನೆಯಲ್ಲಿ ತಲೆಗೆ ಹಚ್ಚುವ ಎಣ್ಣೆಯ ವಾಸನೆ ಬರುತ್ತದೆ ಎಂದರು. ಕನ್ನಡಿ ಹೊರಗೆ ಬಂತು. ಇಂದಿಗೂ ಆ ಮನೆಯಲ್ಲಿ ಯಾರೂ ಒಳಗೆ ಕೂತು ತಲೆ ಬಾಚುವುದಿಲ್ಲ. ಮನೆಗೆ ಬಂದ ನೆಂಟರೂ ಬಾಚಣಿಗೆ ಹಿಡಿದು ಬೀದಿಯ ಕಟ್ಟೆಗೆ ಬರಬೇಕು. (ಹೊಸಬರು ಅದನ್ನು ಮನೆಯ ಶಿಸ್ತು ಅಂದುಕೊಳ್ಳುತ್ತಾರೆ.)

ಬಿಲ್ಲೆ ಒಮ್ಮೆ ಮಾತ್ರ ಕತ್ತಿನಿಂದ ಇಳಿದಿತ್ತು. ದಾರ ಪೋಣಿಸುವ ಉಂಗುರ ಸವೆದು ಅಕ್ಕಸಾಲಿಗೆ ಕೊಟ್ಟ ದಿನ. ಅವತ್ತು ಸಂತೆಯಿಂದ ಬರುತ್ತಿದ್ದ ಜೀಪು ತಗುಲಿ ಶಿವುವಿನ ಕಾಲು ಮುರಿಯಿತು. ಇವತ್ತಿಗೂ ಅವನು ಸ್ವಲ್ಪ ಎಳೆದು ನಡೆಯುತ್ತಾನೆ.

ನಾನು ಯುನಿವರ್ಸಿಟಿಯಲ್ಲಿ ಓದಿದವಳು. ಹತ್ತೊಂಬತ್ತನೇ ವಯಸ್ಸಿನಿಂದ ಡೈರಿ ಬರೆಯುತ್ತೇನೆ. ಆ ಮಧ್ಯಾಹ್ನದ ಬಗ್ಗೆ ಮೂರು ಕಡೆ ಬರೆದಿದ್ದೇನೆ, ಮೂರೂ ಬೇರೆ ಬೇರೆ. ಒಂದರಲ್ಲಿ ಹಸಿರು ಸೀರೆಯ ಬೆನ್ನು ಕಂಡೆ. ಇನ್ನೊಂದರಲ್ಲಿ ಬರೀ ಕೂದಲು. ಮೂರನೆಯದರಲ್ಲಿ ಏನೂ ಕಾಣಲಿಲ್ಲ. ಹೊಸ ಅತ್ತೆ ಬಂದ ಮೇಲೆ ಯಾರೂ ನನ್ನನ್ನು ಮಾತಾಡಿಸುತ್ತಿಲ್ಲವೆಂಬ ಸಿಟ್ಟಿಗೆ ಹೇಳಿದೆ. ಇವುಗಳಲ್ಲಿ ಯಾವುದು ನಿಜ? ಬರೆದಾಗ ಮೂರೂ ನಿಜವಾಗಿದ್ದವು. ನೆನಪನ್ನು ನಾನು ನಂಬುವುದಿಲ್ಲ ಎಂದು ಹೇಳಿಕೊಳ್ಳುತ್ತೇನೆ. ಆದರೆ ನನ್ನ ನೆನಪನ್ನು ಒಂದು ಮನೆತನವೇ ಮೂವತ್ತೈದು ವರ್ಷ ನಂಬಿಕೊಂಡು ಬಂದಿದೆಯಲ್ಲ, ಅದಕ್ಕೇನು ಮಾಡಲಿ?

ಸ್ಕ್ಯಾನಿಂಗ್ ಸೆಂಟರಿಗೆ ವಾಪಸು ಬರೋಣ.

ಶಿವುವಿನ ಫೋನು ಮೂರನೇ ಸಲ ಹೊಡೆದುಕೊಂಡಿತು. ಮಾವ. ಸ್ಪೀಕರ್ ಹಾಕದಿದ್ದರೂ ಕಾರಿಡಾರಿಗೆಲ್ಲ ಕೇಳುವ ದನಿ.

"ತೆಗೀಬ್ಯಾಡ ಅನ್ನು ಕಣ್ಲಾ! ಸ್ಕ್ಯಾನಿಲ್ದಿದ್ರೆ ಅತ್ಲಾಗೋಗ್ಲಿ, ಕರ್ಕೊಂಬಂದ್ಬುಡು!"

"ಡಾಕ್ಟ್ರು ಒಂದಿನಾನೂ ಬುಡಂಗಿಲ್ಲ ಅಂದವ್ರಪ್ಪ."

"ಡಾಕ್ಟ್ರಿಗೇನ್ಲಾ ಗೊತ್ತು? ಅವನು ಗಂಗೀನ ನೋಡಿದ್ನಾ?"

ಶಿವು ಫೋನಿಟ್ಟು ನನ್ನ ಮುಖ ನೋಡಿದ. ಅವನು ಕಲ್ಯಾಣದುರ್ಗದಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದಾನೆ. ಇದನ್ನೆಲ್ಲ ನಂಬುವವನಲ್ಲ.

"ನೀನಾದ್ರೂ ಹೇಳೋ," ಅಂದೆ.

"ನಂಗೆ ನಂಬ್ಕೆ ಇಲ್ಲಕ್ಕ," ಅಂದ. "ಕಾಲಿಗೈತೆ."

ಟೆಕ್ನಿಷಿಯನ್ ಹುಡುಗಿ ಗೋಡೆಯ ಗಡಿಯಾರ ನೋಡಿದಳು. ಇನ್ನು ಹತ್ತು ನಿಮಿಷಕ್ಕೆ ಒಳಗೆ ಬರದಿದ್ದರೆ ಮುಂದಿನವರನ್ನು ಕರೆಯುತ್ತೇನೆ, ನಿಮ್ಮದು ಇನ್ನು ನಾಳೆಗೆ ಎಂದಳು.

ನಾನು ಅತ್ತೆಯ ಪಕ್ಕ ಕೂತೆ. ಮೂವತ್ತೈದು ವರ್ಷದಿಂದ ಆಡಬೇಕಾಗಿದ್ದ ಮಾತು. ಆಡಿಬಿಟ್ಟೆ.

"ಅತ್ತೆ, ಅವತ್ತು ನಾನು ಯಾರನ್ನೂ ನೋಡಲಿಲ್ಲ. ಸುಳ್ಳು ಹೇಳಿದೆ. ಗಂಗತ್ತೆ ಬರಲೇ ಇಲ್ಲ."

ಸಿಟ್ಟಾಗುತ್ತಾಳೆ ಅಂದುಕೊಂಡಿದ್ದೆ. ಅತ್ತೆ ಕೇಳಿದ್ದು ಬೇರೆಯೇ.

"ಯಾವ ಕೈಲಿ ಬಾಚ್ಕೊಂತಿದ್ಲು?"

"ಎಡಗೈಲಿ."

ಯೋಚನೆಗೆ ಮುಂಚೆ ಬಾಯಿಂದ ಬಂದಿತ್ತು. ನನ್ನ ಮೂರು ಡೈರಿಗಳಲ್ಲಿ ಕೈಯ ಮಾತೇ ಇಲ್ಲ.

ಅತ್ತೆ ತಲೆಯಾಡಿಸಿದಳು. "ಸಾಯೋಕೆ ಮುಂಚೆ ಹದಿನೈದು ದಿವ್ಸ ಅಕ್ಕನ ಬಲಗೈ ಬಿದ್ದೋಗಿತ್ತು ಕಣಮ್ಮ. ಗಂಡನಿಗೆ ಗೊತ್ತಾಗ್ಬಾರ್ದು ಅಂತ ಪರ್ದೆ ಎಳ್ಕೊಂಡು ಎಡಗೈಲಿ ಬಾಚ್ಕೊಳೋಳು. ನೋಡಿದ್ದು ನಾನೊಬ್ಳೆ. ನೀನಾಗ ಊರ್ನಾಗೇ ಇರ್ಲಿಲ್ಲ."

ಎಸಿಯ ಚಳಿ ಅಂದುಕೊಂಡೆ.

ಇದಕ್ಕೆ ವಿವರಣೆ ಇದೆ. ಅತ್ತೆಯ ಬಲಗೈ ನನ್ನ ಕಣ್ಣೆದುರಿಗೇ ಜೋತು ಬಿದ್ದಿತ್ತು, ಅದಕ್ಕೇ ನನ್ನ ಬಾಯಿ 'ಎಡಗೈ' ಅಂದಿತು. ನೆನಪು ಹಾಗೇ ಅಲ್ಲವೇ, ಇಂದಿನ ಬಟ್ಟೆ ತಂದು ಹಳೆಯ ಹರಕಿಗೆ ತೇಪೆ ಹಾಕುತ್ತದೆ. ಇದು ಒಳ್ಳೆಯ ವಿವರಣೆ. ಆ ಕ್ಷಣದಲ್ಲಿ ಮಾತ್ರ ಅದು ನನ್ನ ಸಹಾಯಕ್ಕೆ ಬರಲಿಲ್ಲ.

ಬಂದದ್ದು ಬೇರೊಂದು ಪ್ರಶ್ನೆ.

"ಅತ್ತೆ, ಗಂಗತ್ತೆಗೆ ಕೈ ಬೀಳೋಕೆ ಮುಂಚೆ ತಲೆನೋವು ಇತ್ತಾ?"

"ಹೂಂ. ಒಂದ್ಕಡೆ ಮಾತ್ರ. ಗೋಡೆಗೆ ಚಚ್ಕೊಳೋಳು."

"ನಿನಗೂ ಒಂದ್ಕಡೆ ತಾನೇ?"

"ಅದನ್ನೇ ಹೇಳ್ತಿರೋದು ನಾನು! ತಾನು ಪಟ್ಟಿದ್ದೆಲ್ಲ ನನ್ ಕೈಲಿ ಪಡಿಸ್ತಾವ್ಳೆ. ಮೊದ್ಲು ತಲೆ. ಈಗ ಕೈ. ಇನ್ನು ಹದಿನೈದು ದಿವ್ಸ."

"ಡಾಕ್ಟರಿಗೆ ಹೇಳಿದ್ಯಾ ಇದನ್ನ?"

"ದೆವ್ವದ ವಿಷ್ಯ ಡಾಕ್ಟ್ರಿಗೆ ಯಾರಾನ ಹೇಳ್ತಾರೇನೆ, ಓದ್ದೋಳೆ?"

ಆಸ್ಪತ್ರೆಯ ಫಾರಂ ಶಿವುವಿನ ಕೈಯಲ್ಲೇ ಇತ್ತು. ಮನೆಯಲ್ಲಿ ಯಾರಿಗಾದರೂ ಇಂಥ ತೊಂದರೆ ಇತ್ತೇ ಎಂಬ ಪ್ರಶ್ನೆಯ ಮುಂದೆ 'ಇಲ್ಲ' ಎಂದು ಅವನದೇ ಅಕ್ಷರ. ಅವನು ಸುಳ್ಳು ಬರೆದಿರಲಿಲ್ಲ. ಗಂಗತ್ತೆಗೆ ಒಂದು ಖಾಯಿಲೆ ಇತ್ತು ಎಂಬುದೇ ಆ ಮನೆಯಲ್ಲಿ ಮರೆತುಹೋಗಿತ್ತು. ಅವಳು ಪರದೆಯಾಚೆಯ ಮಾತು ಕೇಳಿ ಸತ್ತವಳು. ಹಾಗಂತ ಎಲ್ಲರೂ ನಂಬಿದ್ದರು. ನಾವು ದೆವ್ವ ಮಾಡಿಕೊಂಡವರಿಗೆ ರೋಗ ಇರುತ್ತದೆಯೇ?

"ಅತ್ತೆ, ಅವಳಿಗೂ ನಿನಗೂ ಒಂದೇ ರಕ್ತ. ಅವಳಿಗೆ ಏನಾಗಿತ್ತೋ ಅದು ಈ ಮೆಷಿನ್ನಿನಲ್ಲಿ ಕಾಣಬಹುದು."

ಅತ್ತೆಯ ಮುಷ್ಟಿ ಸ್ವಲ್ಪ ಸಡಿಲವಾಯಿತು.

"ನಾವಾಡಿದ ಮಾತಿಗೇ ಸಾಯ್ಲಿಲ್ಲ ಅಂತಲೂ ಕಾಣ್ತದಾ?"

"ಕಾಣಬಹುದು," ಅಂದೆ.

"ನಂಗೂ ಅವತ್ತು ಕೇಳಿದ್ರು ಕಣೇ. ಭಾವನ್ನ ಮಾಡ್ಕೊಂತೀಯಾ ಅಂತ. ಅಕ್ಕ ಇನ್ನೂ ಉಸ್ರಾಡ್ತಿದ್ಲು. ನಾನು ಹೂಂ ಅಂದ್ಬುಟ್ಟೆ."

ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ ಎಂದು ಶಿವುವಿನ ಮುಖ ನೋಡಿದರೇ ಗೊತ್ತಾಗುತ್ತಿತ್ತು. ಅವನು ಕರ್ಚೀಫಿಗೆ ಇನ್ನೊಂದು ಗಂಟು ಬಿಗಿದ.

ಅತ್ತೆ ಎದ್ದು ನಿಂತಳು. ಎಡಗೈಯಿಂದ ಕರಿದಾರವನ್ನು ತಲೆಯ ಮೇಲಿನಿಂದ ತೆಗೆದಳು. ಆದರೆ ಕರ್ಚೀಫಿಗೆ ಹಾಕಲಿಲ್ಲ.

"ಅಕ್ಕನ್ನ ಗಂಟು ಕಟ್ಬಾರ್ದು. ಕೆಳಗೆ ಇಡ್ಬಾರ್ದು. ಯಾವ್ದಾನ ಹೆಣ್ಣುಮಗಳ ಕತ್ತಿನಾಗಿರ್ಬೇಕು." ನನ್ನ ಕಡೆ ಚಾಚಿದಳು. "ನೀನು ಅವತ್ತು ಯಾರ್ನೂ ನೋಡ್ಲಿಲ್ಲ ತಾನೇ? ಹಂಗಾದ್ರೆ ನಿಂಗೇನು. ಹಾಕ್ಕೊ."

ಇಂಥ ಪರೀಕ್ಷೆ ನನಗೆ ಯಾವ ಯುನಿವರ್ಸಿಟಿಯೂ ಕೊಟ್ಟಿರಲಿಲ್ಲ. ನನ್ನ ಕೈ ತಕ್ಷಣ ಮುಂದೆ ಹೋಗಲಿಲ್ಲ. ಅದನ್ನು ಅತ್ತೆ ನೋಡಿದಳು. ನಾನೂ ನೋಡಿದೆ. ಆಮೇಲೆ ಹಾಕಿಕೊಂಡೆ.

ಬಿಲ್ಲೆ ಬೆಚ್ಚಗಿತ್ತು. (ಮೈಯ ಮೇಲಿದ್ದದ್ದು ಬೆಚ್ಚಗಿರದೆ ಇನ್ನೇನು.)

ಬಾಗಿಲು ಮುಚ್ಚಿತು. ಒಳಗೆ ಮೆಷಿನ್ನು ಸುತ್ತಿಗೆಯಲ್ಲಿ ಬಡಿದಂತೆ ಸದ್ದು ಮಾಡತೊಡಗಿತು. ನಂಬಿಕೆ ಇಲ್ಲದ ಶಿವು ಎದ್ದು ಹೋಗಿ ಒಂದು ಕುರ್ಚಿ ಬಿಟ್ಟು ಕೂತ. ಫೋನು ಮತ್ತೆ ಹೊಡೆದುಕೊಂಡಾಗ ಎತ್ತಲಿಲ್ಲ, ನನ್ನ ಕಡೆ ತಳ್ಳಿದ.

"ಸರೋಜಿ ಎಲ್ಲವ್ಳೆ?" ಮಾವ ಕೇಳಿದ.

"ಒಳಗೆ."

"ಅದು?"

"ನನ್ನ ಕತ್ತಲ್ಲಿದೆ ಮಾವ."

ಬೈಯುತ್ತಾನೆ ಎಂದು ಕಾದೆ. ಬೈಯಲಿಲ್ಲ. ಅಂಗಡಿಯ ಫ್ಯಾನಿನ ಸದ್ದು ಕೇಳುತ್ತಿತ್ತು. ಆ ಸದ್ದಿನ ನಡುವೆ ಬಂದದ್ದು ನಾನೆಂದೂ ಕೇಳಿರದ ಸಣ್ಣ ದನಿ.

"ಫೋನು ಅದರ ಹತ್ರ ಹಿಡಿಯಮ್ಮ. ಸರೋಜಿ ಕತ್ತಿನಾಗಿದ್ದಾಗ ನಾನು ಹೆಂಗೆ ಮಾತಾಡ್ಲಿ ಅವಳ್ಕೂಡೆ? ಒಂದ್ಮಾತು ಐತೆ."

ನಾನು ಫೋನನ್ನು ಕಿವಿಯಿಂದ ಇಳಿಸಿ ಬಿಲ್ಲೆಗೆ ಹಿಡಿದೆ. ಕೇಳಿಸಿಕೊಳ್ಳಲಿಲ್ಲ. ಮೆಷಿನ್ನಿನ ಬಡಿತದಲ್ಲಿ ಕೇಳುತ್ತಲೂ ಇರಲಿಲ್ಲ. ಎಷ್ಟು ಹೊತ್ತು ಹಿಡಿದಿದ್ದೆನೋ. ಕಿವಿಗಿಟ್ಟುಕೊಂಡಾಗ ಲೈನು ಕಟ್ಟಾಗಿತ್ತು. ಎದೆಯ ಮೇಲೆ, ಬಿಲ್ಲೆ ತಗುಲುವಷ್ಟು ಜಾಗದಲ್ಲಿ ಮಾತ್ರ, ರೋಮ ನಿಂತಿತ್ತು.

ಸಂಜೆ ರಿಪೋರ್ಟ್ ಬಂತು. ಮಿದುಳಿನಲ್ಲಿ ರಕ್ತನಾಳಗಳು ಸಿಕ್ಕುಗಟ್ಟಿವೆ. ಶಿವು ಫಾರಂನಲ್ಲಿ 'ಇಲ್ಲ' ಹೊಡೆದುಹಾಕಿ 'ದೊಡ್ಡಮ್ಮ' ಎಂದು ಬರೆದಿದ್ದ. ಡಾಕ್ಟರು ಅದನ್ನು ಓದಿ, ಇದು ಅಕ್ಕತಂಗಿಯರಲ್ಲಿ ಬರುವುದುಂಟು, ಮುಂಚೆಯೇ ಯಾಕೆ ಹೇಳಲಿಲ್ಲ ಎಂದು ಕೇಳಿದರು. ಇನ್ನೂ ಸಮಯವಿದೆ, ಆಪರೇಷನ್ ಮಾಡಿದರೆ ಉಳಿಯುತ್ತಾರೆ ಅಂದರು.

ಹಾಗಾದರೆ ಕಥೆ ಮುಗಿಯಿತು. ದೆವ್ವ ಇರಲಿಲ್ಲ, ಖಾಯಿಲೆ ಇತ್ತು. ಆ ಮಧ್ಯಾಹ್ನ ನಾನು ಸುಳ್ಳು ಹೇಳಿದ್ದೆ. ಡೈರಿಯಲ್ಲಿ ನಾಲ್ಕನೇ ಸಲ ಹಾಗೆಯೇ ಬರೆದೆ. ಬರೆದ ಮೇಲೆ ಓದಿದರೆ, ಅಕ್ಷರವೆಲ್ಲ ಸರಿ ಇದೆ, ಬರೆದವಳಿಗೆ ಮಾತ್ರ ನಂಬಿಕೆ ಬರಲಿಲ್ಲ.

ಅತ್ತೆ ಆಪರೇಷನ್ನಿಗೆ ಒಪ್ಪಿದ್ದಾಳೆ. ಒಂದೇ ಷರತ್ತು: ಅವಳು ಒಳಗಿರುವ ಅಷ್ಟೂ ಗಂಟೆ ಅಕ್ಕ ನನ್ನ ಕತ್ತಿನಲ್ಲಿರಬೇಕು. "ಅರ್ಧ ಗಂಟೆ ಇದ್ಲಲ್ಲ, ಏನೂ ಮಾಡ್ಲಿಲ್ಲ. ನಿನ್ನ ಕಂಡ್ರೆ ಆಯ್ತದೆ ಅವಳಿಗೆ," ಅಂದಳು. ನಾನು ಹೂಂ ಅಂದೆ.

ಬರುವ ಸೋಮವಾರ. ಐದು ಗಂಟೆಯಾದರೂ ಬೇಕಂತೆ. ಗಂಗತ್ತೆ ಬರಲೇ ಇಲ್ಲ ಎಂದು ಅಷ್ಟು ಖಚಿತವಾಗಿ ಹೇಳಿದ ನಾನು, ಅಷ್ಟು ಹೊತ್ತು ಅವಳ ಹತ್ತಿರ ಏನು ಮಾತಾಡಲಿ ಎಂದು ಈಗಿನಿಂದಲೇ ಯೋಚಿಸುತ್ತಿದ್ದೇನಲ್ಲ, ಯಾಕೆ?