ಕಾಳಿ ಹೊಳ್ಯಾಗ ಐಸ್ ಎಲ್ಲೈತಿ?

ದಾಂಡೇಲಿಯ ಶಾಲೆಯಲ್ಲಿ ನಾನು ಕನ್ನಡ ಕಲಿಸುತ್ತಿದ್ದಾಗ, ಪಕ್ಕದ ತರಗತಿಯಲ್ಲಿ ಇಂಗ್ಲಿಷ್ ಮಾಸ್ತರರೊಬ್ಬರಿದ್ದರು. ಕನ್ನಡಕವನ್ನು ಹಣೆಗೇರಿಸಿದರೆಂದರೆ ಮುಗಿಯಿತು, ಇನ್ನು ಯಾರ ಮಾತನ್ನೂ ಕೇಳುವವರಲ್ಲ.

ಒಮ್ಮೆ ಅವರು 'ತೆಳು ಐಸ್ ಮೇಲೆ ಜಾರಾಡುವುದು' ಎಂಬ ಇಂಗ್ಲಿಷ್ ನುಡಿಗಟ್ಟು ಕಲಿಸಿದರು. ಅಪಾಯ ಗೊತ್ತಿದ್ದೂ ಅದರ ಜೊತೆ ಆಟವಾಡುವುದು ಎಂದು ಅದರ ಅರ್ಥ. ಐಸನ್ನು ಕ್ಯಾಂಡಿಯಲ್ಲಿ ಮಾತ್ರ ಕಂಡಿದ್ದ ಮಕ್ಕಳಿಗೆ ಸ್ವಂತ ವಾಕ್ಯ ಬರೆಯಲು ಹೇಳಿದರು. ಕೋಗಿಲಬನದ ಹುಡುಗಿಯೊಬ್ಬಳು, 'ಮೊಸಳೆ ಇರುವಲ್ಲೇ ಎಮ್ಮೆಯ ಮೈ ತೊಳೆಯುವ ನಮ್ಮ ಕಾಕಾ ತೆಳು ಐಸ್ ಮೇಲೆ ಜಾರಾಡುತ್ತಾನೆ' ಎಂದು ಬರೆದಳು. ಮಾಸ್ತರರು ಕೆಂಪು ಗೀಟು ಎಳೆದು, ಆ ಪುಸ್ತಕವನ್ನು ನನಗೆ ತೋರಿಸಿದರು.

"ಕಾಳಿ ಹೊಳ್ಯಾಗ ಐಸ್ ಎಲ್ಲೈತಿ?"

"ಅರ್ಥ ಬರೋಬರಿ ಐತಲ್ರಿ ಸರ್" ಎಂದು ನಾನು ಹಣೆ ಹಣೆ ಬಡಿದುಕೊಂಡೆ. ಕನ್ನಡಕ ಆಗಲೇ ಮೇಲೇರಿತ್ತು.

ಅದೇ ವಾರ ಮಕ್ಕಳನ್ನು ಹೊಳೆದಂಡೆಗೆ ಕರೆದೊಯ್ದೆವು. ಇಳಿಯಬೇಡಿ ಎಂಬ ಬೋರ್ಡಿನ ಪಕ್ಕದಲ್ಲೇ ಮಾಸ್ತರರು ಪ್ಯಾಂಟು ಮಡಚಿ, ಕಾಲು ತೊಳೆಯಲು ನೀರಿಗಿಳಿದರು.

"ಸರ್, ನೀವು ತೆಳು ಐಸ್ ಮ್ಯಾಲ ಅದೀರಿ" ಎಂದಳು ಆ ಹುಡುಗಿ.

"ಮತ್ತ ಅದನ್ನ ಹೇಳ್ತಿ. ಇಲ್ಲಿ ಐಸ್ ಎಲ್ಲೈ..." ಎನ್ನುವಷ್ಟರಲ್ಲಿ, ಎದುರಿನ ಬಂಡೆಯ ಮೇಲಿದ್ದ ಮರದ ಕೊರಡು ಬಾಯಿ ತೆರೆದು ನೀರಿಗೆ ಜಾರಿತು. ಮಾಸ್ತರರು ಒಂದು ಚಪ್ಪಲಿಯನ್ನು ಅಲ್ಲೇ ಬಿಟ್ಟು ದಂಡೆ ಹತ್ತಿದರು.

ಮರುದಿನ ಆ ವಾಕ್ಯಕ್ಕೆ ಅರ್ಧ ಅಂಕ ಬಿದ್ದಿತ್ತು. ಉಳಿದರ್ಧ ಯಾಕೆ ಕೊಡಲಿಲ್ಲ ಎಂದು ಕೇಳಿದೆ.

ಮಾಸ್ತರರು ಕನ್ನಡಕವನ್ನು ಹಣೆಗೇರಿಸಿದರು.

"ಮೊಸಳಿ ಇತ್ತು, ಒಪ್ಪತೇನಿ. ಐಸ್ ಇರಲಿಲ್ಲಲ್ರಿ."